ಕೆಮ್ಮಣ್ಣು ಏಕೆ ಹೊಳೆಯಲಿಲ್ಲ?

ನಮ್ಮೂರು ಈಸೂರು. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಹಳ್ಳಿ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ನಡೆದಾಗ ತಾನು ಸ್ವತಂತ್ರ ಎಂದು ಸಾರಿಕೊಂಡ ಹಳ್ಳಿ ಇದು. ಅದಕ್ಕಾಗಿ ನಮ್ಮೂರಿನ ಐವರು 1943ರಲ್ಲಿ ಗಲ್ಲಿಗೇರಿದರು. ಈ ಸಂಗತಿಯನ್ನು ನೀವು ಶಾಲೆಯಲ್ಲಿ ಕೇಳಿರುತ್ತೀರಿ. ನಾನು ಇಂದು ಹೇಳಹೊರಟಿರುವುದು ನಮ್ಮೂರಿನ ಕಲ್ಲು ಮಣ್ಣುಗಳ ವಿಷಯ. ಆ ಕಲ್ಲುಗಳನ್ನು ಆರಿಸುತ್ತ ಆರಿಸುತ್ತ ನಮ್ಮ ಮನೆಯವರೆಲ್ಲ ಸೇರಿ ಒಂದು ಚಿತ್ರ ಬರೆದೆವು. ಅದು ಹಗಲಿನಲ್ಲಿ ಒಂದು ಬಗೆ, ಕತ್ತಲೆಯಲ್ಲಿ ಇನ್ನೊಂದು ಬಗೆ ಕಾಣುವ ಚಿತ್ರ!

ನಮ್ಮ ಮನೆಯಲ್ಲಿ ಐದು ಜನ. ನಾನು, ನಮ್ಮ ಯಜಮಾನರು, ಆರನೇ ತರಗತಿಯ ಮಗಳು, ನಾಲ್ಕನೇ ತರಗತಿಯ ಮಗ, ಮತ್ತು ನಮ್ಮ ಅತ್ತೆ. ಅತ್ತೆಯ ತವರು ಸೊರಬದ ಕಡೆ. ಅವರು ಹಸೆ ಚಿತ್ತಾರ ಬರೆಯುವುದರಲ್ಲಿ ಗಟ್ಟಿಗರು. ಸಾಗರ, ಸೊರಬದ ಕಡೆ ದೀವರ ಮನೆಗಳ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿಯ ಎಳೆಗಳಿಂದ ಬರೆಯುವ ಚಿತ್ರವೇ ಹಸೆ ಚಿತ್ತಾರ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಬಿದಿರಿನ ಬುಟ್ಟಿಯ ಮೇಲೂ ಇದೇ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಭೂಮಣ್ಣಿ ಬುಟ್ಟಿ ಎಂದು ಹೆಸರು. ಅದರಲ್ಲಿ ಅಡುಗೆ ತುಂಬಿಕೊಂಡು ಹೊಲಗದ್ದೆಗೆ ಹೋಗಿ ಭೂಮಿತಾಯಿಗೆ ಬಡಿಸುತ್ತಾರೆ.

ಆದರೆ ಕಳೆದ ವರ್ಷ ಬೇಸಿಗೆಯಲ್ಲಿ ಅತ್ತೆ ಒಂದು ಮಾತು ಹೇಳಿದರು. "ಈ ಸಲ ನನ್ನ ಕೈಲಿ ಆಗಲ್ಲ ಕಣೇ. ಕಣ್ಣು ಮಂಜು. ಕೈ ನಡುಗ್ತದೆ. ಹಬ್ಬಕ್ಕೆ ಪೇಟೆಯಿಂದ ಒಂದು ಬುಟ್ಟಿ ತಂದುಬಿಡಿ."

ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಕಡೆ, ಬಯಲುಸೀಮೆಯಲ್ಲಿ. ನನಗೆ ಚಿತ್ತಾರ ಬರೆಯಲು ಬರುವುದಿಲ್ಲ. ಮಕ್ಕಳಿಗೂ ಬರುವುದಿಲ್ಲ. ಅತ್ತೆ ಬಿಟ್ಟರೆ ನಮ್ಮ ಮನೆಯಲ್ಲಿ ಚಿತ್ತಾರ ನಿಂತುಹೋಗುತ್ತಿತ್ತು.

ಮಾವ ತಂದ ದೀಪ

ಅದೇ ಬೇಸಿಗೆಯಲ್ಲಿ ನನ್ನ ತಮ್ಮ ಮನೆಗೆ ಬಂದ. ಅವನು ಭೂವಿಜ್ಞಾನ ಓದಿದವನು. ಮಕ್ಕಳಿಗಾಗಿ ಒಂದು ಚಿಕ್ಕ ಬ್ಯಾಟರಿ ತಂದಿದ್ದ. ಅಂಗಡಿಗಳಲ್ಲಿ ಕಳ್ಳನೋಟು ಪತ್ತೆ ಮಾಡಲು ಬಳಸುತ್ತಾರಲ್ಲ, ಅಂಥದ್ದು. ಅದರ ಮೇಲೆ 365 ನ್ಯಾನೋಮೀಟರ್ ಎಂದು ಬರೆದಿತ್ತು. ಒತ್ತಿದರೆ ಮಂಕಾದ ನೇರಳೆ ಬೆಳಕು.

"ಇಷ್ಟೇನಾ ಮಾವ?" ಎಂದ ಮಗ.

"ಇಷ್ಟೇ ಅಲ್ಲ. ಇದರಿಂದ ಬರುವ ಹೆಚ್ಚು ಬೆಳಕು ನಿನ್ನ ಕಣ್ಣಿಗೆ ಕಾಣೋದೇ ಇಲ್ಲ" ಎಂದ ಮಾವ.

ರಾತ್ರಿ ದೀಪ ಆರಿಸಿ ಆಟ ಶುರುವಾಯಿತು. ನೋಟಿನ ಮೇಲೆ ಬಿಟ್ಟರೆ ಅದರ ಸಂಖ್ಯೆ ಹೊಳೆಯಿತು. ಕಾಗದದೊಳಗಿನ ಸಣ್ಣ ಸಣ್ಣ ಎಳೆಗಳು ಬಣ್ಣಬಣ್ಣವಾಗಿ ಕಂಡವು. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಅಂಗಿ ನೀಲಿಯಾಗಿ ಬೆಳಗಿತು. ಅಡುಗೆಮನೆಯ ಅರಿಶಿನದ ಡಬ್ಬಿ ತೆರೆದರೆ ಹಸಿರು ಬೆರೆತ ಹಳದಿ ಬೆಳಕು! ಆಮೇಲೆ ಮಾವ ತನ್ನ ಪೆಟ್ಟಿಗೆಯಿಂದ ಮೂರು ಕಲ್ಲು ತೆಗೆದ. ಒಂದು ಫ್ಲೋರೈಟ್, ಒಂದು ಕ್ಯಾಲ್ಸೈಟ್, ಇನ್ನೊಂದು ಹಳೇ ಮೈಸೂರಿನ ಕಡೆ ಸಿಗುವ ಕೆಂಪು ಕುರುಂದ. ಹಗಲಿನಲ್ಲಿ ನೋಡಿದರೆ ಅದು ಮಾಸಲು ಕೆಂಪು. ದಾರಿಯಲ್ಲಿ ಬಿದ್ದಿದ್ದರೆ ಯಾರೂ ಎತ್ತಿಕೊಳ್ಳರು. ಆ ದೀಪದ ಕೆಳಗೆ ಅದು ಒಲೆಯ ಕೆಂಡದಂತೆ ಕೆಂಪಗೆ ಬೆಳಗಿತು. ಮುಟ್ಟಿದರೆ ಮಾತ್ರ ತಣ್ಣಗೆ!

ಇದು ಹೇಗೆ ಆಗುತ್ತದೆ?

ಬೆಳಕು ಅಲೆಗಳಾಗಿ ಹರಡುತ್ತದೆ. ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದದ ಅಲೆಗಳು ಮಾತ್ರ ನಮ್ಮ ಕಣ್ಣಿಗೆ ಕಾಣುತ್ತವೆ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಒಂದು ನ್ಯಾನೋಮೀಟರ್. 700ರ ಬಳಿ ಕೆಂಪು, 400ರ ಬಳಿ ನೇರಳೆ. ನೇರಳೆಗಿಂತಲೂ ಚಿಕ್ಕದಾದ ಅಲೆಗಳು ಅತಿನೇರಳೆ ಕಿರಣಗಳು. ಅಲೆ ಚಿಕ್ಕದಾದಷ್ಟೂ ಅದರ ಶಕ್ತಿ ಹೆಚ್ಚು.

ಅತಿನೇರಳೆ ಕಿರಣ ಕಲ್ಲಿಗೆ ಬಿದ್ದಾಗ, ಕಲ್ಲಿನೊಳಗಿನ ಕೆಲವು ಎಲೆಕ್ಟ್ರಾನ್‌ಗಳು ಆ ಶಕ್ತಿಯನ್ನು ಪಡೆದು ಮೇಲಿನ ಹಂತಕ್ಕೆ ನೆಗೆಯುತ್ತವೆ. ನೆಲದಿಂದ ಅಟ್ಟಕ್ಕೆ ಒಂದೇ ಸಲ ನೆಗೆದಂತೆ ಎಂದುಕೊಳ್ಳಿ. ಆದರೆ ಅಟ್ಟದ ಮೇಲೆ ಬಹಳ ಹೊತ್ತು ಇರಲಾಗುವುದಿಲ್ಲ. ಕೆಳಗೆ ಬರಬೇಕು. ಬರುವಾಗ ಮೊದಲು ಒಂದೆರಡು ಮೆಟ್ಟಿಲನ್ನು ಸದ್ದಿಲ್ಲದೆ ಇಳಿಯುತ್ತವೆ. ಆ ಶಕ್ತಿ ಶಾಖವಾಗಿ ಹೋಗುತ್ತದೆ. ಉಳಿದ ಎತ್ತರದಿಂದ ಒಮ್ಮೆಗೇ ಧುಮುಕಿದಾಗ ಉಳಿದ ಶಕ್ತಿ ಬೆಳಕಾಗಿ ಹೊರಬರುತ್ತದೆ. ಸ್ವಲ್ಪ ಶಕ್ತಿ ಕಡಿಮೆಯಾಗಿರುವುದರಿಂದ ಈ ಬೆಳಕಿನ ಅಲೆ ಉದ್ದವಾಗಿರುತ್ತದೆ, ಹಾಗಾಗಿ ನಮ್ಮ ಕಣ್ಣಿಗೆ ಕಾಣುತ್ತದೆ. ಇದೇ ಪ್ರತಿದೀಪ್ತಿ. ದೀಪ ತೆಗೆದೊಡನೆ ಹೊಳಪೂ ನಿಲ್ಲುತ್ತದೆ.

1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದನ್ನು ವಿವರಿಸಿ, ಫ್ಲೋರೈಟ್ ಕಲ್ಲಿನ ಹೆಸರಿನಿಂದಲೇ ಇದಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟರು. ನಮ್ಮ ಸಿ.ವಿ. ರಾಮನ್ ಅವರಿಗೂ ಕಲ್ಲುಗಳೆಂದರೆ ಬಲು ಪ್ರೀತಿ. 1948ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳು, ಖನಿಜಗಳ ದೊಡ್ಡ ಸಂಗ್ರಹವಿದೆ. ಅಲ್ಲಿ ಒಂದು ಕತ್ತಲೆ ಕೋಣೆ. ಅತಿನೇರಳೆ ದೀಪ ಹಾಕಿದೊಡನೆ ಸಾಧಾರಣ ಕಲ್ಲುಗಳೆಲ್ಲ ಬಣ್ಣಬಣ್ಣವಾಗಿ ಬೆಳಗುತ್ತವೆ. ಬಂದವರಿಗೆ ರಾಮನ್ ಅದನ್ನು ಸಂಭ್ರಮದಿಂದ ತೋರಿಸುತ್ತಿದ್ದರಂತೆ.

ಇದನ್ನು ಕೇಳಿದ್ದೇ ತಡ, ಮಗಳು ಎದ್ದು ನಿಂತಳು. "ಹಾಗಾದ್ರೆ ನಮ್ಮೂರಲ್ಲೂ ಹೊಳೆಯೋ ಕಲ್ಲು ಇರ್ಬೇಕಲ್ಲ! ಹುಡುಕೋಣ ಮಾವ."

ಅರವತ್ತೆರಡು ಕಲ್ಲುಗಳು

ಮರುದಿನದಿಂದ ಎರಡು ವಾರ ನಮ್ಮದು ಅದೇ ಕೆಲಸ. ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಡುವುದು. ಬತ್ತಿದ ಹಳ್ಳದ ಪಾತ್ರ, ಕೆರೆಯ ಏರಿ, ಬಾವಿ ತೋಡಿದ ಮಣ್ಣಿನ ರಾಶಿ, ಹೊಲದ ಬದು. ಯಜಮಾನರ ಹೆಗಲಿಗೆ ಚೀಲ. ಮಗನ ಕೈಯಲ್ಲಿ ಹಳೆಯ ದಿನಪತ್ರಿಕೆಯ ಹಾಳೆ. ಮಗಳ ಕೈಯಲ್ಲಿ ನೋಟ್‌ಪುಸ್ತಕ.

ಹೊರಡುವ ಮೊದಲು ಮಾವ ಕೆಲವು ನಿಯಮ ಹೇಳಿದ್ದ. ಬಿದ್ದಿರುವ ಕಲ್ಲನ್ನು ಮಾತ್ರ ಎತ್ತಿಕೊಳ್ಳಬೇಕು. ಮುಷ್ಟಿಗಿಂತ ದೊಡ್ಡದು ಬೇಡ. ಗುಡಿಯ ಕಲ್ಲು, ವೀರಗಲ್ಲು, ಶಾಸನದ ಕಲ್ಲುಗಳ ಹತ್ತಿರ ಒಂದು ಚೂರನ್ನೂ ಮುಟ್ಟಬಾರದು. ನಮ್ಮ ತಾಲ್ಲೂಕಿನಲ್ಲೇ ಬಳ್ಳಿಗಾವಿ ಇದೆ, ತಾಳಗುಂದ ಇದೆ. ಅಲ್ಲಿನ ಒಂದೊಂದು ಕಲ್ಲೂ ಇತಿಹಾಸದ ಒಂದೊಂದು ಪುಟ. ಮತ್ತೆ, ಪ್ರತಿ ಕಲ್ಲಿಗೂ ಒಂದು ಸಂಖ್ಯೆ ಕೊಟ್ಟು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಬರೆಯಬೇಕು. "ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಕಲ್ಲು ಬಾಯಿಲ್ಲದ ಸಾಕ್ಷಿ" ಎಂದಿದ್ದ.

ಎರಡು ವಾರದಲ್ಲಿ 62 ಕಲ್ಲುಗಳು ಸೇರಿದವು. ಬಿಳಿ ಬೆಣಚುಕಲ್ಲು 31. ತೂತುತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು 12. ಕಪ್ಪು, ಬೂದು ಬಣ್ಣದ ಗಟ್ಟಿ ಕಲ್ಲು 10. ಉಗುರಿನಿಂದ ಗೀರಿದರೂ ಪುಡಿ ಬರುವ ಬಳಪದ ಕಲ್ಲು 6. ಬಾವಿಯ ಮಣ್ಣಿನ ರಾಶಿಯಲ್ಲಿ ಸಿಕ್ಕ ಸುಣ್ಣಕಲ್ಲಿನ ಗಂಟುಗಳು 3. ಅಮಾವಾಸ್ಯೆಯ ರಾತ್ರಿ ಅವನ್ನೆಲ್ಲ ತೊಳೆದು, ಹಿತ್ತಲಿನ ಜಗಲಿಯ ಮೇಲೆ ಸಾಲಾಗಿ ಇಟ್ಟು, ಮಗಳು ದೀಪ ಹಿಡಿದಳು.

ಮೊದಲನೆಯದು ಹೊಳೆಯಲಿಲ್ಲ. ಎರಡನೆಯದು ಹೊಳೆಯಲಿಲ್ಲ. ಹತ್ತನೆಯದೂ ಇಲ್ಲ, ಮೂವತ್ತನೆಯದೂ ಇಲ್ಲ. ಮಗ ಬೇಸರಗೊಂಡು ಎದ್ದು ಹೋದ. ಸುಣ್ಣಕಲ್ಲಿನ ಎರಡು ಗಂಟುಗಳು ಮಾತ್ರ ಮಂಕಾಗಿ, ಹಾಲಿಗೆ ಚಿಟಿಕೆ ಅರಿಶಿನ ಹಾಕಿದಂಥ ಬಣ್ಣದಲ್ಲಿ ಬೆಳಗಿದವು. ಕರಿಕಲ್ಲೊಂದರ ಬೆನ್ನ ಮೇಲೆ ಕಿತ್ತಳೆ ಬಣ್ಣದ ಚುಕ್ಕಿಗಳು ಕಂಡವು. "ಹೊಳೀತು!" ಎಂದು ಮಗಳು ಕೂಗಿದಳು. ಹಗಲಿನಲ್ಲಿ ನೋಡಿದಾಗ ತಿಳಿಯಿತು, ಹೊಳೆದದ್ದು ಕಲ್ಲಲ್ಲ, ಅದರ ಮೇಲೆ ಬೆಳೆದಿದ್ದ ಕಲ್ಲುಹೂವು. ಕೆಲವು ಜಾತಿಯ ಕಲ್ಲುಹೂವುಗಳಲ್ಲಿ ಹೀಗೆ ಹೊಳೆಯುವ ವಸ್ತುಗಳಿರುತ್ತವೆ.

ಅಷ್ಟರಲ್ಲಿ ಜಗಲಿಯ ಕೆಳಗಿನ ಸಂದಿಯಲ್ಲಿ ಏನೋ ಹಸಿರು ನೀಲಿಯಾಗಿ ಮಿನುಗಿತು. ಮಗಳು ಕೈ ಚಾಚುವಷ್ಟರಲ್ಲಿ ಮಾವ ಅವಳ ರಟ್ಟೆ ಹಿಡಿದ. ಚೇಳು! ಚೇಳಿನ ಮೈಮೇಲಿನ ಚಿಪ್ಪು ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ. ವಿಜ್ಞಾನಿಗಳು ರಾತ್ರಿ ಚೇಳುಗಳನ್ನು ಎಣಿಸುವುದೂ ಇದೇ ದೀಪದಿಂದ. ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ನಿಯಮ: ಕತ್ತಲೆಯಲ್ಲಿ ಹೊಳೆದದ್ದನ್ನು ಕೈಯಿಂದ ಮುಟ್ಟಬಾರದು, ಮೊದಲು ಮಾಮೂಲಿ ದೀಪ ಹಾಕಿ ನೋಡಬೇಕು.

ಮಗಳ ಪುಸ್ತಕದಲ್ಲಿ 59 ಸಾಲುಗಳ ಮುಂದೆ "ಹೊಳೆಯಲಿಲ್ಲ" ಎಂದು ಬರೆದಿತ್ತು. ಅವಳಿಗೆ ಅಳುವೇ ಬಂದಿತ್ತು. ಮಾವ ಅದನ್ನು ಓದಿ, ಪ್ರತಿ ಸಾಲಿಗೂ ಒಂದು ಪದ ಸೇರಿಸಲು ಹೇಳಿದ: "ಈ ದೀಪಕ್ಕೆ ಹೊಳೆಯಲಿಲ್ಲ." ಏಕೆಂದರೆ ಅತಿನೇರಳೆಯಲ್ಲೂ ಬಗೆಗಳಿವೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಷೀಲೈಟ್ ಎಂಬ ಖನಿಜ ಇದೆ. ಟಂಗ್‌ಸ್ಟನ್ ಎಂಬ ಲೋಹದ ಅದಿರು ಅದು. 365ರ ದೀಪ ಹಿಡಿದರೆ ಅದು ಸುಮ್ಮನಿರುತ್ತದೆ. 254 ನ್ಯಾನೋಮೀಟರಿನ ದೀಪ ಹಿಡಿದರೆ ಬಿಳಿ ಬೆರೆತ ನೀಲಿಯಾಗಿ ಬೆಳಗುತ್ತದೆ. ಆ ದೀಪ ಕಣ್ಣಿಗೂ ಚರ್ಮಕ್ಕೂ ಅಪಾಯ. ಅದನ್ನು ತಿಳಿದವರೇ ಬಳಸಬೇಕು.

ಅಜ್ಜಿಯ ಗಡಿಗೆ

ಇಷ್ಟು ದಿನ ನಮ್ಮ ಓಡಾಟವನ್ನು ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಅಂದು ಒಳಗೆ ಹೋಗಿ ಒಂದು ಹಳೆಯ ಗಡಿಗೆ ತಂದು ಇಟ್ಟರು. ಅದರ ತುಂಬ ಕೆಮ್ಮಣ್ಣು. ಹಿಂದಿನ ವರ್ಷ ಚಿತ್ತಾರಕ್ಕೆ ತಂದು ಉಳಿದದ್ದು.

"ಇದಕ್ಕೂ ನಿಮ್ಮ ದೀಪ ಹಿಡೀರಿ ನೋಡಾಣ. ಇದಕ್ಕಿಂತ ಚೆಂದದ ಬಣ್ಣ ನಮ್ಮ ಸೀಮೇಲಿ ಇಲ್ಲ" ಎಂದರು.

ಮಗಳು ದೀಪ ಹಿಡಿದಳು. ಗಡಿಗೆಯೊಳಗೆ ಇದ್ದಿಲು ತುಂಬಿದಂತೆ ಕಪ್ಪು. ಒಂದಿಷ್ಟೂ ಹೊಳಪಿಲ್ಲ. 62 ಕಲ್ಲುಗಳಲ್ಲಿ ಯಾವುದೂ ಅಷ್ಟು ಕಪ್ಪಾಗಿ ಕಂಡಿರಲಿಲ್ಲ.

"ಅಜ್ಜಿ, ನಿನ್ನ ಕೆಮ್ಮಣ್ಣು ಹೊಳೆಯೋದೇ ಇಲ್ಲ!" ಎಂದ ಮಗ. ಅತ್ತೆಯ ಮುಖ ಚಿಕ್ಕದಾಯಿತು. ಆಗ ಮಾವ ಹೇಳಿದ ಸಂಗತಿಯನ್ನು ನಿಮಗೂ ಹೇಳುತ್ತೇನೆ.

ಹೆಚ್ಚಿನ ಕಲ್ಲುಗಳು ಅಪ್ಪಟವಾಗಿದ್ದರೆ ಹೊಳೆಯುವುದಿಲ್ಲ. ಬೇರೊಂದು ಧಾತು ಒಂದು ಚಿಟಿಕೆ ಬೆರೆತಿರಬೇಕು. ಕೆಂಪು ಕುರುಂದದಲ್ಲಿ ಬೆಳಗುವುದು ಬೆರಕೆಯಾಗಿ ಸೇರಿದ ಕ್ರೋಮಿಯಂ. ಕೆಲವು ಕ್ಯಾಲ್ಸೈಟ್‌ಗಳಲ್ಲಿ ಬೆಳಗುವುದು ಮ್ಯಾಂಗನೀಸ್. ಆದರೆ ಬೆರಕೆ ಚಿಟಿಕೆಯಷ್ಟೇ ಇರಬೇಕು. ಸಾರಿಗೆ ಉಪ್ಪು ಹಾಕಿದ ಹಾಗೆ. ನಮ್ಮ ಜಿಲ್ಲೆಯ ಕುಂಸಿಯಲ್ಲಿ ಮ್ಯಾಂಗನೀಸ್ ಅದಿರೇ ಇದೆ. ಅದು ಕಪ್ಪು, ಹೊಳೆಯುವುದಿಲ್ಲ.

ಬೆಳಗಿಸುವ ಬೆರಕೆ ಇದ್ದಂತೆ ನಂದಿಸುವ ಬೆರಕೆಯೂ ಇದೆ. ಅದರಲ್ಲಿ ಮುಖ್ಯವಾದದ್ದು ಕಬ್ಬಿಣ. ಎಲೆಕ್ಟ್ರಾನ್ ಪಡೆದ ಶಕ್ತಿಯನ್ನು ಕಬ್ಬಿಣ ಕಸಿದುಕೊಂಡು ಶಾಖವಾಗಿ ಕಳೆದುಬಿಡುತ್ತದೆ. ಬೆಳಕು ಹೊರಬರುವುದೇ ಇಲ್ಲ. ಮಲೆನಾಡಿನಲ್ಲಿ ಲಕ್ಷಾಂತರ ವರ್ಷ ಸುರಿದ ಮಳೆ ಬಂಡೆಗಳಲ್ಲಿನ ಕರಗುವ ಪದಾರ್ಥಗಳನ್ನು ತೊಳೆದುಕೊಂಡು ಹೋಗಿದೆ. ಕರಗದ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದಿವೆ. ಅದೇ ಜಂಬಿಟ್ಟಿಗೆ, ಅದೇ ಕೆಮ್ಮಣ್ಣು. ಕಬ್ಬಿಣದ ಆಕ್ಸೈಡು ಬಿಸಿಲಿನಲ್ಲಿನ ನೇರಳೆ, ನೀಲಿ, ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಹಗಲಿನಲ್ಲಿ ಕೆಂಪು. ಅತಿನೇರಳೆಯನ್ನೂ ಹಾಗೆಯೇ ಹೀರಿಕೊಳ್ಳುತ್ತದೆ. ಹಾಗಾಗಿ ಆ ದೀಪದ ಕೆಳಗೆ ಕಪ್ಪು.

ಅಂದರೆ ಕೆಮ್ಮಣ್ಣಿಗೆ ಕೆಂಪು ಕೊಟ್ಟದ್ದೂ ಕಬ್ಬಿಣವೇ, ಹೊಳಪು ಕೊಡದಿದ್ದುದೂ ಕಬ್ಬಿಣವೇ!

ಅತ್ತೆ ಎಲ್ಲ ಕೇಳಿ, "ಇರ್ಲಿ ಬಿಡು. ಬೆಣಚುಕಲ್ಲು ಹೊಳೆಯಲ್ಲ ಅಂದ್ರಲ್ಲ, ಎರಡು ಇಲ್ಲಿ ಕೊಡಿ" ಎಂದರು. ದೀಪ ಆರಿಸಲು ಹೇಳಿ, ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಒತ್ತಿ ಜೋರಾಗಿ ತಿಕ್ಕಿದರು. ಕಲ್ಲುಗಳ ನಡುವೆ ಹಳದಿ ಬೆಳಕು ಮಿಂಚಿ ಮಾಯವಾಯಿತು. ಮತ್ತೆ ತಿಕ್ಕಿದರು. ಮತ್ತೆ ಮಿಂಚು! "ದನ ಕಾಯೋವಾಗ ನಾವು ಆಡ್ತಿದ್ದ ಆಟ ಇದು" ಎಂದು ನಕ್ಕರು. ಇದು ಪ್ರತಿದೀಪ್ತಿ ಅಲ್ಲ. ತಿಕ್ಕಿದಾಗ, ಮುರಿದಾಗ ಬರುವ ಬೆಳಕು, ಘರ್ಷಣ ದೀಪ್ತಿ. ಇದಕ್ಕೆ ಬ್ಯಾಟರಿ ಬೇಡ. ಭೂವಿಜ್ಞಾನ ಓದಿದ ಮಾವ ಇದನ್ನು ಪುಸ್ತಕದಲ್ಲಿ ಓದಿದ್ದ, ಕಣ್ಣಾರೆ ಕಂಡದ್ದು ಅಂದೇ!

ಮಣ್ಣು ಎಲ್ಲಿಂದ?

"ಅಜ್ಜಿ, ಈ ಮಣ್ಣು ಎಲ್ಲಿಂದ ತಂದಿದ್ದು?" ಎಂದು ಮಗಳು ಕೇಳಿದಳು. ಅವಳ ಪುಸ್ತಕದಲ್ಲಿ 63ನೆಯ ಸಾಲು ಖಾಲಿ ಇತ್ತು. ಎಲ್ಲಿ ಸಿಕ್ಕಿತು ಎಂದು ಬರೆಯದೆ ಹೇಗೆ?

ಹೀಗೆ ನಾವು ಅತ್ತೆಯ ತವರಿಗೆ ಹೋದೆವು. ಊರಾಚೆ ಒಂದು ಕೆಮ್ಮಣ್ಣಿನ ದಿಬ್ಬ. ಅತ್ತೆಯ ಅಮ್ಮನೂ ಅಜ್ಜಿಯೂ ಮಣ್ಣು ತೆಗೆದದ್ದು ಅಲ್ಲಿಯೇ. ಈಗ ಆ ದಿಬ್ಬದ ಅರ್ಧ ಇಲ್ಲ. ರಸ್ತೆಗೆ ಮಣ್ಣು ತುಂಬಲು ಯಂತ್ರ ತಂದು ಕಡಿದು ಸಾಗಿಸಿದ್ದರು. ಅತ್ತೆ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಮಕ್ಕಳಿಗೆ ಮಣ್ಣಿನ ಪದರಗಳನ್ನು ತೋರಿಸಿದರು. ಮೇಲೆ ಬೇರುಗಳಿರುವ ಕಂದು ಮಣ್ಣು. ಅದರ ಕೆಳಗೆ ಹರಳುಹರಳಾದ ಗೊಚ್ಚು. ಅದರ ಕೆಳಗೆ ಬೆರಳಿಗೆ ನುಣ್ಣಗೆ ಅಂಟುವ ಕೆಂಪು. "ಬಣ್ಣಕ್ಕೆ ಇದೇ ಬೇಕು. ಮೇಲಿನದು ಆಗಲ್ಲ" ಎಂದರು. ನೆಲಕ್ಕೆ ಕೈಮುಗಿದು, ಒಂದು ಬುಟ್ಟಿ ಮಾತ್ರ ತುಂಬಿಕೊಂಡರು. ಎಂದಿನಿಂದಲೂ ಅವರು ತೆಗೆಯುತ್ತಿದ್ದುದು ವರ್ಷಕ್ಕೆ ಒಂದೇ ಬುಟ್ಟಿ.

ಮಣ್ಣು ಮನೆಗೆ ಬಂದ ಮೇಲೆ ಪಾಠ ಶುರುವಾಯಿತು. ಮಣ್ಣನ್ನು ಕುಟ್ಟಿ, ನೀರಿನಲ್ಲಿ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಬೇಕು. ಮರಳು ತಳಕ್ಕೆ ಇಳಿಯುತ್ತದೆ, ನುಣುಪಾದ ಕೆಂಪು ಮೇಲೆ ಉಳಿಯುತ್ತದೆ. ಅಕ್ಕಿ ನೆನೆಸಿ ನುಣ್ಣಗೆ ಅರೆದರೆ ಬಿಳಿ. ಅಕ್ಕಿಯನ್ನೇ ಕರ್ರಗೆ ಹುರಿದು ಅರೆದರೆ ಕಪ್ಪು. ಗುರಿಗೆ ಬೀಜದಿಂದ ಹಳದಿ. ಪುಂಡಿ ನಾರನ್ನು ಜಜ್ಜಿ ಕಟ್ಟಿದರೆ ಕುಂಚ. ಒಂದೊಂದಕ್ಕೂ ಎಷ್ಟು ನೀರು, ಎಷ್ಟು ಹೊತ್ತು ಎಂದು ಮಗಳು ಬರೆದುಕೊಂಡಳು.

ಹಗಲ ಚಿತ್ರ, ಇರುಳ ಚಿತ್ರ

ದಸರಾ ರಜೆ ಬಂತು. "ಅಜ್ಜಿ, ಬುಟ್ಟಿಗೆ ಅರಿಶಿನದಿಂದ ಬರೆಯೋಣ, ರಾತ್ರಿ ಹೊಳೆಯುತ್ತೆ" ಎಂದ ಮಗ.

"ಹಬ್ಬದ ಬುಟ್ಟಿಗೆ ಅದರದ್ದೇ ಕ್ರಮ ಅದೆ. ನಿಮ್ಮ ಆಟ ಬೇಕಾದ್ರೆ ಹಳೇ ಮೊರದ ಮೇಲೆ ಮಾಡಿ" ಎಂದರು ಅತ್ತೆ.

ಹಾಗೆಯೇ ಮಾಡಿದೆವು. ಹಳೆಯ ಮೊರಕ್ಕೆ ಸಗಣಿ ಬಳಿದು ಒಣಗಿಸಿ, ಅದರ ಮೇಲೆ ಎರಡು ಸಲ ಕೆಮ್ಮಣ್ಣು ಬಳಿದೆವು. ಮೂರು ಬಟ್ಟಲುಗಳಲ್ಲಿ ಅಕ್ಕಿಹಿಟ್ಟಿನ ಬಿಳಿ ತೆಗೆದುಕೊಂಡೆವು. ಮೊದಲನೆಯದು ಹಾಗೆಯೇ. ಎರಡನೆಯದಕ್ಕೆ ಚಿಟಿಕೆ ಅರಿಶಿನ. ಮೂರನೆಯದಕ್ಕೆ ಬಟ್ಟೆ ಒಗೆಯುವ ಸೋಪಿನ ಪುಡಿ ಸ್ವಲ್ಪ. ಬಟ್ಟೆ ಬೆಳ್ಳಗೆ ಕಾಣಲೆಂದು ಆ ಪುಡಿಯಲ್ಲಿ ಪ್ರತಿದೀಪ್ತಿಯ ವಸ್ತು ಸೇರಿಸಿರುತ್ತಾರೆ.

ಅತ್ತೆಯ ಕೈ ನಡುಗುತ್ತಿತ್ತು. ಆದ್ದರಿಂದ ಅವರು ಮಗಳ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಮೊದಲ ಎಳೆ ಎಳೆಸಿದರು. ಎರಡನೆಯದನ್ನು ಅವಳೇ ಎಳೆದಳು. "ಉಸಿರು ಬಿಡಬೇಡ, ಎಳೆ ಮುಗಿದ ಮೇಲೆ ಬಿಡು" ಎಂದು ಅತ್ತೆ ಹೇಳುತ್ತಿದ್ದರು. ಕಣ್ಣು ಮಂಜಾಗಿದ್ದರೂ ಎಲ್ಲಿ ಎಷ್ಟು ಎಳೆ ಬರಬೇಕು ಎಂಬ ಲೆಕ್ಕ ಅವರ ಬಾಯಲ್ಲಿತ್ತು. ಅಂಚಿನ ಎಳೆಗಳು, ಮನೆ, ಅಡಿಕೆ ಮರಗಳು ಮೊದಲನೆಯ ಬಟ್ಟಲಿನಿಂದ. ಭತ್ತದ ತೆನೆಗಳು ಅರಿಶಿನದ ಬಟ್ಟಲಿನಿಂದ. ಮೇಲೆ ಆಕಾಶದ ಜಾಗದಲ್ಲಿ ಚುಕ್ಕಿಗಳನ್ನು ಮಗ ಮೂರನೆಯ ಬಟ್ಟಲಿನಿಂದ ಇಟ್ಟ.

ಹಗಲಿನಲ್ಲಿ ನೋಡಿದರೆ ಕೆಂಪಿನ ಮೇಲೆ ಬಿಳಿಯ ಚಿತ್ತಾರ. ತೆನೆಗಳ ಬಣ್ಣ ಸ್ವಲ್ಪ ಕೆನೆಯಂತೆ, ಅಷ್ಟೇ. ರಾತ್ರಿ ಎಲ್ಲರೂ ಸುತ್ತ ಕುಳಿತೆವು. ದೀಪ ಹಿಡಿದೊಡನೆ ಮನೆಯೂ ಮರವೂ ಮಬ್ಬಾದವು. ತೆನೆಗಳಷ್ಟೇ ಹಸಿರು ಹಳದಿಯಾಗಿ ಎದ್ದು ನಿಂತವು. ಮೇಲೆ ನೀಲಿ ನಕ್ಷತ್ರಗಳು. ಸುತ್ತಲೂ ಗಾಢವಾದ ಕತ್ತಲೆ. ಅದು ನಾವು ಬಳಿದ ಕತ್ತಲೆಯಲ್ಲ. ಅದು ಅತ್ತೆಯ ಕೆಮ್ಮಣ್ಣು! ಬಿಳಿಯ ಕಾಗದದ ಮೇಲೆ ಇದೇ ಚಿತ್ರ ಬರೆದು ನೋಡಿದೆವು. ಕಾಗದವೇ ನೀಲಿಯಾಗಿ ಹೊಳೆದು ತೆನೆಗಳು ಕಾಣದಂತಾದವು. ಹೊಳೆಯದ ಮಣ್ಣು ಇದ್ದುದರಿಂದಲೇ ಹೊಳೆಯುವುದು ಕಂಡಿತು.

ಅತ್ತೆ ಮೊರವನ್ನು ಹತ್ತಿರ ತಂದುಕೊಂಡು ನೋಡಿದರು. "ತೆನೆ ಕಾಣ್ತದೆ ನಂಗೆ" ಎಂದರು. ಮಬ್ಬುಗಣ್ಣಿಗೂ ಅದು ಕಂಡಿತ್ತು.

ಆ ವರ್ಷ ಪೇಟೆಯಿಂದ ಬುಟ್ಟಿ ತರಲಿಲ್ಲ. ಭೂಮಣ್ಣಿ ಬುಟ್ಟಿಯನ್ನು ಮಗಳು ಬರೆದಳು, ಅತ್ತೆ ಪಕ್ಕದಲ್ಲಿ ಕುಳಿತು ಬರೆಸಿದರು. ಅದಕ್ಕೆ ಅರಿಶಿನವನ್ನೂ ಸೋಪಿನ ಪುಡಿಯನ್ನೂ ಹಾಕಲಿಲ್ಲ. ಎಳೆಗಳು ಅಲ್ಲಲ್ಲಿ ಸೊಟ್ಟ. ಆದರೂ ಅತ್ತೆ ಅದನ್ನೇ ಹೊತ್ತುಕೊಂಡು ಗದ್ದೆಗೆ ಹೋದರು.

ಮೊರದ ಚಿತ್ರ ಜಗಲಿಯ ಗೋಡೆಯ ಮೇಲಿತ್ತು. ಕೆಲವು ವಾರಗಳಲ್ಲಿ ತೆನೆಗಳ ಹೊಳಪು ಕುಂದಿತು. ಅರಿಶಿನದಲ್ಲಿ ಹೊಳೆಯುವ ವಸ್ತು ಕರ್ಕ್ಯುಮಿನ್. ಬಿಸಿಲಿಗೆ ಅದು ಬೇಗ ಹಾಳಾಗುತ್ತದೆ. ಕಲ್ಲಿನ ಹೊಳಪು ಅಷ್ಟು ಸುಲಭವಾಗಿ ಕುಂದುವುದಿಲ್ಲ. ಈಗ ಮಕ್ಕಳು ತೆನೆಗಳನ್ನು ಮತ್ತೆ ಮತ್ತೆ ತಿದ್ದುತ್ತಾರೆ. ಅದರಿಂದ ಕೈ ಪಳಗುತ್ತಿದೆ.

ನೀವೂ ಮಾಡಿ ನೋಡಿ

ನಿಮ್ಮ ಬಳಿ ಅತಿನೇರಳೆ ದೀಪ ಇಲ್ಲವೇ? ಚಿಂತೆ ಬೇಡ. ಬಿಸಿಲಿನಲ್ಲಿಯೂ ಅತಿನೇರಳೆ ಇದೆ.

1. ಬಡಗಿಯ ಬಳಿ ಹೊನ್ನೆ ಮರದ ಹೊಟ್ಟು ಅಥವಾ ಚಕ್ಕೆ ಕೇಳಿ ತನ್ನಿ. ಗಾಜಿನ ಲೋಟದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಸೋಸಿ. ನೀರು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಲೋಟವನ್ನು ಬಿಸಿಲಿನಲ್ಲಿಟ್ಟು, ಹಿಂದೆ ಕಪ್ಪು ಬಟ್ಟೆ ಹಿಡಿದು, ಬಿಸಿಲು ಬೀಳುವ ಕಡೆಯಿಂದ ನೋಡಿ. ನೀಲಿ ಛಾಯೆ ಕಾಣುತ್ತದೆಯೇ? ಒಂದು ಹನಿ ಸುಣ್ಣದ ತಿಳಿ ಹಾಕಿ ಮತ್ತೆ ನೋಡಿ. ಮೆಕ್ಸಿಕೋ ದೇಶದ ಒಂದು ಮರದ ಚಕ್ಕೆಯೂ ನೀರನ್ನು ಹೀಗೆ ನೀಲಿಯಾಗಿಸುತ್ತದೆ ಎಂದು ಸ್ಪೇನ್ ದೇಶದ ವೈದ್ಯ ನಿಕೋಲಸ್ ಮೊನಾರ್ಡೆಸ್ 1565ರಲ್ಲಿಯೇ ಬರೆದಿದ್ದರು. ಪ್ರತಿದೀಪ್ತಿಯ ಬಗ್ಗೆ ದೊರೆಯುವ ಹಳೆಯ ಬರಹಗಳಲ್ಲಿ ಅದೂ ಒಂದು. ಈ ನೀರನ್ನು ಕುಡಿಯಬೇಡಿ.

2. ಕತ್ತಲೆಯ ಕೋಣೆಯಲ್ಲಿ ಎರಡು ಬೆಣಚುಕಲ್ಲುಗಳನ್ನು ಒತ್ತಿ ತಿಕ್ಕಿ. ಬಡಿಯಬೇಡಿ, ಚೂರು ಸಿಡಿದು ಕಣ್ಣಿಗೆ ಬೀಳಬಹುದು. ದೊಡ್ಡವರು ಜೊತೆಗಿರಲಿ. ತಿಕ್ಕಿದ ಮೇಲೆ ಮೂಸಿ ನೋಡಿ, ಒಂದು ಬಗೆಯ ವಾಸನೆ ಬರುತ್ತದೆ.

3. ನಿಮ್ಮೂರಿನ ಕಲ್ಲುಗಳನ್ನು ಆರಿಸಿ ಸಂಖ್ಯೆ ಕೊಟ್ಟು, ಸಿಕ್ಕಿದ ಜಾಗ ಬರೆದು ಶಾಲೆಯಲ್ಲಿಡಿ. ಶಾಲೆಯಲ್ಲಿ ಅತಿನೇರಳೆ ದೀಪ ಇದ್ದರೆ ಶಿಕ್ಷಕರೊಡನೆ ಪರೀಕ್ಷಿಸಿ. ಹೊಳೆಯದಿದ್ದರೆ ಅದನ್ನೂ ಬರೆಯಿರಿ. ಆ ದೀಪವನ್ನು ಯಾರ ಕಣ್ಣಿಗೂ ಬಿಡಬೇಡಿ, ನೀವೂ ಅದನ್ನು ನೇರವಾಗಿ ನೋಡಬೇಡಿ.

4. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಇರುವ ಅಜ್ಜಿಯರನ್ನು ಕೇಳಿ: ಹಿಂದೆ ಗೋಡೆಗೆ, ನೆಲಕ್ಕೆ, ರಂಗೋಲಿಗೆ ಯಾವ ಯಾವ ಬಣ್ಣದ ಮಣ್ಣು, ಕಲ್ಲು ಬಳಸುತ್ತಿದ್ದರು? ಎಲ್ಲಿಂದ ತರುತ್ತಿದ್ದರು? ಆ ಜಾಗ ಈಗ ಹೇಗಿದೆ? ಸಾಧ್ಯವಾದರೆ ಅವರ ಜೊತೆಗೇ ಅಲ್ಲಿಗೆ ಹೋಗಿ ಬನ್ನಿ. ಹೋಗುವಾಗ ನೋಟ್‌ಪುಸ್ತಕ ಮರೆಯಬೇಡಿ.